ಜೇಬಿನ ಚಾಕು: ಕೆಲಸಕ್ಕೆ ತಕ್ಕ ಅಲಗಿನ ಆಯ್ಕೆ

ರೈತರ ಮನೆಯಲ್ಲಿ ಕತ್ತರಿಸಲು ಬಳಸುವ ಸಲಕರಣೆಗಳನ್ನೆಲ್ಲ ಒಂದು ಕಡೆ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೈರನ್ನು ಹಿಡಿಯಾಗಿ ಸೆಳೆದು ಕೊಯ್ಯಬೇಕಾಗಿರುವುದರಿಂದ ಕುಡುಗೋಲು ಬಾಗಿದೆ. ಏಟು ಹಾಕಿ ಕಡಿಯಬೇಕಾಗಿರುವುದರಿಂದ ಮಚ್ಚಿಗೆ ತೂಕವಿದೆ. ಎರಡು ಕೈಯಿಂದಲೂ ಕಾಯಿಯನ್ನು ಹಿಡಿದು ಸುಲಿಯಬೇಕಾಗಿರುವುದರಿಂದ ಅಡಿಕೆಯ ಮೆಟ್ಟುಗತ್ತಿಯ ಅಲಗು ಮಣೆಯ ಮೇಲೆ ನಿಂತಿದೆ. ಇವುಗಳ ಆಕಾರವನ್ನು ಅಂದಕ್ಕಾಗಿ ಯಾರೂ ಮಾಡಲಿಲ್ಲ. ಮಾಡುವ ಕೆಲಸವೇ ಅಲಗಿನ ಆಕಾರವನ್ನು ಗೊತ್ತುಪಡಿಸಿದೆ.

ಆದರೆ ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕುವನ್ನು ಕೊಳ್ಳುವಾಗ ಈ ತಿಳಿವಳಿಕೆಯನ್ನು ನಾವು ಮರೆಯುತ್ತೇವೆ. ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಅಲಗಿನ ಹೊಳಪು, ಹಿಡಿಯ ಬಣ್ಣ ಮತ್ತು ಮೊನೆಯ ಚೂಪನ್ನು ನೋಡಿ ಕೊಂಡುಬಿಡುತ್ತೇವೆ. ಅದೇ ಚಾಕುವಿನಿಂದ ಬೆಳಿಗ್ಗೆ ಗೊಬ್ಬರದ ಚೀಲ ಬಿಚ್ಚಿ, ಮಧ್ಯಾಹ್ನ ಮಾವಿನ ಕಡ್ಡಿ ಕೆತ್ತಿ, ಸಂಜೆ ಹಣ್ಣು ಹೆಚ್ಚುತ್ತೇವೆ. ಕಸಿ ಕೂಡದಿದ್ದರೆ ಕಡ್ಡಿಯನ್ನು ದೂರುತ್ತೇವೆ. ಬೆರಳು ಕೊಯ್ದರೆ ಗ್ರಹಚಾರವನ್ನು ದೂರುತ್ತೇವೆ. ಎರಡಕ್ಕೂ ಎಷ್ಟೋ ಸಲ ಅಲಗಿನ ತಪ್ಪು ಆಯ್ಕೆಯೇ ಕಾರಣವಾಗಿರುತ್ತದೆ. ಆದ್ದರಿಂದ ಯಾವ ಆಕಾರದ ಅಲಗು ಯಾವ ಕೆಲಸಕ್ಕೆ ಒಳ್ಳೆಯದು, ಒಂದೇ ಚಾಕು ಇಟ್ಟುಕೊಳ್ಳುವವರು ಯಾವುದನ್ನು ಆರಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಅಲಗಿನ ಭಾಗಗಳು

ಮುಂದಿನ ವಿವರಣೆ ಸುಲಭವಾಗಿ ತಿಳಿಯಲು ನಾಲ್ಕು ಹೆಸರುಗಳನ್ನು ಗುರುತಿಟ್ಟುಕೊಳ್ಳಬೇಕು. ಹರಿತವಾದ ಅಂಚಿಗೆ ಬಾಯಿ ಎನ್ನುತ್ತೇವೆ. ಅದಕ್ಕೆ ಎದುರಾಗಿರುವ ದಪ್ಪನೆಯ ಅಂಚು ಬೆನ್ನು. ಇವೆರಡೂ ಕೂಡುವ ತುದಿ ಮೊನೆ. ಬಾಯಿಯು ಮೊನೆಯ ಹತ್ತಿರ ಹೊರಕ್ಕೆ ಉಬ್ಬಿ ಬಾಗಿದ್ದರೆ ಆ ಭಾಗವನ್ನು ಹೊಟ್ಟೆ ಎನ್ನೋಣ. ಬಾಯಿ ನೇರವೋ ಬಾಗಿದೆಯೋ, ಬೆನ್ನು ಎಲ್ಲಿ ಇಳಿಯುತ್ತದೆ, ಮೊನೆ ಎಷ್ಟು ಎತ್ತರದಲ್ಲಿದೆ ಎಂಬ ಮೂರು ಅಂಶಗಳೇ ಅಲಗಿನ ಆಕಾರವನ್ನು ನಿರ್ಧರಿಸುತ್ತವೆ.

ಕತ್ತರಿಸುವುದರಲ್ಲಿಯೂ ಎರಡು ರೀತಿಗಳಿವೆ. ಅಲಗನ್ನು ಒತ್ತಿ ಕತ್ತರಿಸುವುದು ಒಂದು. ಒತ್ತುತ್ತಲೇ ಎಳೆದು ಕೊಯ್ಯುವುದು ಇನ್ನೊಂದು. ಹಣ್ಣಾದ ಟೊಮೇಟೊ ಮೇಲೆ ಚಾಕುವನ್ನು ಸುಮ್ಮನೆ ಒತ್ತಿದರೆ ಹಣ್ಣು ಜಜ್ಜಿಹೋಗುತ್ತದೆ. ಅದೇ ಚಾಕುವನ್ನು ಸ್ವಲ್ಪ ಎಳೆದರೆ ಸಿಪ್ಪೆ ಸಲೀಸಾಗಿ ಸೀಳುತ್ತದೆ. ಹೊಟ್ಟೆಯುಳ್ಳ ಅಲಗು ಎಳೆದು ಕೊಯ್ಯಲು ಅನುಕೂಲ. ನೇರ ಬಾಯಿಯ ಅಲಗು ಒತ್ತಿ ಕತ್ತರಿಸಲು, ಸಮನಾಗಿ ಕೆತ್ತಲು ಅನುಕೂಲ. ಒಳಕ್ಕೆ ಬಾಗಿದ ಅಲಗು ಹಗ್ಗ, ಬಳ್ಳಿಗಳನ್ನು ಜಾರಗೊಡದೆ ಹಿಡಿದು ಎಳೆಯಲು ಅನುಕೂಲ.

ಮೊದಲು ಕೆಲಸದ ಪಟ್ಟಿ ಮಾಡಿ

ಅಂಗಡಿಗೆ ಹೋಗುವ ಮೊದಲು ಹತ್ತು ದಿನಗಳ ಕಾಲ ಒಂದು ಸಣ್ಣ ಲೆಕ್ಕ ಇಡಿ. ಚಾಕುವನ್ನು ಜೇಬಿನಿಂದ ತೆಗೆದಾಗಲೆಲ್ಲ ಯಾವುದಕ್ಕೆ ತೆಗೆದಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಲಸಗಳನ್ನು ಐದು ಗುಂಪು ಮಾಡಬಹುದು:

1. ಚೀಲ, ಹುರಿ, ಹಗ್ಗ, ಹನಿ ನೀರಾವರಿಯ ಕೊಳವೆ ಮುಂತಾದವನ್ನು ಕತ್ತರಿಸುವುದು.
2. ಹಣ್ಣು, ತರಕಾರಿ, ಹೂವು, ಗೊನೆಯ ತೊಟ್ಟು ಕೊಯ್ಯುವುದು.
3. ಚಿಗುರು, ಎಳೆಯ ಕಡ್ಡಿ, ಬಳ್ಳಿ ಸವರುವುದು.
4. ಕಸಿ ಕಟ್ಟುವುದು, ಕಣ್ಣು ಹಾಕುವುದು.
5. ದನಕರು, ಕುರಿ, ಮೇಕೆಗಳ ಹತ್ತಿರದ ಕೆಲಸ.

ಮೊನೆಯಿಂದ ಚುಚ್ಚಬೇಕಾದ ಕೆಲಸ ಎಷ್ಟು ಬಂತು ಎಂಬುದನ್ನೂ ಬೇರೆಯಾಗಿ ಗುರುತಿಸಿ. ಹೊಲದ ದಿನನಿತ್ಯದ ಕೆಲಸಗಳಲ್ಲಿ ಹೆಚ್ಚಿನವು ಅಲಗಿನ ಬಾಯಿಯಿಂದ ಆಗುವಂಥವು. ಚೂಪು ಮೊನೆಯ ಅಗತ್ಯ ಬೀಳುವುದು ವಿರಳ. ಆದರೆ ಚಾಕುವಿನಿಂದಾಗುವ ಆಳವಾದ ಗಾಯಗಳು ಮೊನೆಯಿಂದಲೇ ಆಗುವಂಥವು. ಯಾವ ಚಾಕು ಕೊಂಡರೂ ಈ ಒಂದು ಮಾತು ನೆನಪಿರಬೇಕು.

ಐದು ಆಕಾರಗಳು

1. ಕುರಿಗೊರಸಿನ ಅಲಗು: ಇದರ ಬಾಯಿ ಬುಡದಿಂದ ತುದಿಯವರೆಗೆ ಗೆರೆ ಎಳೆದಂತೆ ನೇರ. ಬೆನ್ನು ತುದಿಯ ಹತ್ತಿರ ದುಂಡಾಗಿ ಕೆಳಕ್ಕೆ ಇಳಿದು ಬಾಯಿಯನ್ನು ಕೂಡುತ್ತದೆ. ಹೀಗಾಗಿ ಚುಚ್ಚುವ ಮೊನೆ ಇಲ್ಲವೆಂದೇ ಹೇಳಬಹುದು. ನೋಡಲು ಕುರಿಯ ಗೊರಸಿನಂತಿರುವುದರಿಂದ ಇಂಗ್ಲಿಷಿನಲ್ಲಿ ‘ಶೀಪ್ಸ್‌ಫುಟ್’ ಎಂಬ ಹೆಸರು ಬಂದಿದೆ. ಹಾಯಿ ಹಡಗುಗಳ ಕಾಲದ ನಾವಿಕರು ಹಗ್ಗ ಕತ್ತರಿಸಲು ಈ ಆಕಾರದ ಚಾಕುಗಳನ್ನು ಇಟ್ಟುಕೊಳ್ಳುತ್ತಿದ್ದರು. ತೂಗಾಡುವ ಹಡಗಿನಲ್ಲಿ ಕಾಲು ಜಾರಿದರೂ ಚಾಕು ಮೈಗೆ ನೆಡುವ ಭಯ ಕಡಿಮೆ. ಹಗ್ಗ, ಚೀಲ, ಕೊಳವೆ ಕತ್ತರಿಸಲು ಮತ್ತು ದನಕರುಗಳ ಹತ್ತಿರ ಬಳಸಲು ಇದು ಉತ್ತಮ. ಬಾಯಿ ನೇರವಾಗಿರುವುದರಿಂದ ಸಾಣೆ ಹಿಡಿಯುವುದು ಬಹಳ ಸುಲಭ. ಹಣ್ಣಿನ ಸಿಪ್ಪೆ ತೆಗೆಯಲು, ಚರ್ಮ ಸುಲಿಯಲು ಅಷ್ಟು ಅನುಕೂಲವಲ್ಲ.

2. ಇಳಿಮೊನೆಯ ಅಲಗು: ಇದರ ಬೆನ್ನು ಮಧ್ಯದಿಂದ ನಿಧಾನವಾಗಿ ಇಳಿಯುತ್ತ ಬಂದು ಮೊನೆಯನ್ನು ಸೇರುತ್ತದೆ. ಬಾಯಿಗೆ ಹದವಾದ ಹೊಟ್ಟೆ ಇರುತ್ತದೆ. ಮೊನೆಯ ಹಿಂದೆ ಸಾಕಷ್ಟು ಲೋಹವಿರುವುದರಿಂದ ಸುಲಭವಾಗಿ ಮುರಿಯದು. ಕೊಯ್ಯುವುದು, ಹೆಚ್ಚುವುದು, ಕೆತ್ತುವುದು ಎಲ್ಲಕ್ಕೂ ಒಗ್ಗುವ ಆಕಾರವಿದು. ಅಂಗಡಿಗಳಲ್ಲಿ ‘ಡ್ರಾಪ್ ಪಾಯಿಂಟ್’ ಎಂದು ಕೇಳಬೇಕು.

3. ಬೆನ್ನು ಕೊರೆದ ಅಲಗು: ಇದರಲ್ಲಿ ಬೆನ್ನಿನ ಮುಂಭಾಗವನ್ನು ಕೊರೆದು ತೆಗೆದಂತೆ ಇರುತ್ತದೆ. ಆದ್ದರಿಂದ ಮೊನೆ ತೆಳ್ಳಗೆ, ಬಹಳ ಚೂಪಾಗಿ ಮೇಲಕ್ಕೆ ನಿಲ್ಲುತ್ತದೆ. ‘ಕ್ಲಿಪ್ ಪಾಯಿಂಟ್’ ಎಂಬುದು ಇದೇ. ಮುಳ್ಳು ತೆಗೆಯುವುದು, ಹಣ್ಣಿನ ಕೊಳೆತ ಭಾಗವನ್ನು ಬಿಡಿಸುವುದು ಮುಂತಾದ ನಯವಾದ ಕೆಲಸಕ್ಕೆ ಉಪಯುಕ್ತ. ಆದರೆ ಡಬ್ಬದ ಮುಚ್ಚಳ ಮೀಟಿದರೆ ಮೊನೆ ಮುರಿಯುವುದು ಖಂಡಿತ. ಕೈ ಜಾರಿದರೆ ಗಾಯವೂ ಆಳವಾಗುತ್ತದೆ.

4. ಕೊಕ್ಕಿನ ಅಲಗು: ಇದರ ಬಾಯಿ ಗಿಡುಗನ ಕೊಕ್ಕಿನಂತೆ ಒಳಕ್ಕೆ ಬಾಗಿರುತ್ತದೆ, ಮೊನೆ ಕೆಳಗೆ ನೋಡುತ್ತದೆ. ಇದನ್ನು ನಮ್ಮ ಕುಡುಗೋಲಿನ ತಮ್ಮನೆನ್ನಬಹುದು. ಎಳೆಯ ಕಡ್ಡಿ, ಬಳ್ಳಿ, ತೊಟ್ಟು, ಹುರಿಗಳು ಬಾಗಿನಲ್ಲಿ ಸಿಕ್ಕಿಕೊಂಡು ಜಾರದೆ ಕತ್ತರಿಸಿಹೋಗುತ್ತವೆ. ತರಕಾರಿ ಕೊಯ್ಲಿಗೆ, ಹೂವಿನ ತೋಟಕ್ಕೆ, ಬಳ್ಳಿ ಬೆಳೆಗಳಿಗೆ ಒಳ್ಳೆಯದು. ಆದರೆ ಹಲಗೆಯ ಮೇಲಿಟ್ಟು ಹೆಚ್ಚಲು ಬಾರದು. ಚಪ್ಪಟೆ ಸಾಣೆಕಲ್ಲಿನ ಮೇಲೆ ಇದನ್ನು ಹರಿತ ಮಾಡುವುದೂ ಕಷ್ಟ. ಕಲ್ಲಿನ ದುಂಡಗಿನ ಮೂಲೆ ಅಥವಾ ಕಡ್ಡಿಯಂಥ ಸಾಣೆ ಬೇಕಾಗುತ್ತದೆ. ಎಳೆಯುವಾಗ ಅಲಗು ನಮ್ಮ ಕಡೆಗೇ ಬರುವುದರಿಂದ ಎಡಗೈಯನ್ನು ಅದರ ದಾರಿಯಲ್ಲಿ ಇಡಬಾರದು.

5. ಈಟಿಮೊನೆಯ ಅಲಗು: ಬೆನ್ನು, ಬಾಯಿ ಎರಡೂ ಸಮನಾಗಿ ಬಾಗಿ ನಡುವಿನ ಗೆರೆಯಲ್ಲಿ ಮೊನೆಯಾಗುತ್ತವೆ. ಹಳೆಯ ಕಾಲದ ಎರಡು ಅಲಗಿನ ಪೆನ್ನುಚಾಕುಗಳಲ್ಲಿ ಇದು ಸಾಮಾನ್ಯ. ಒಂದೇ ಕಡೆ ಹರಿತವಿರುವ ಚಿಕ್ಕ ಅಲಗಾದರೆ ಸಣ್ಣಪುಟ್ಟ ಕೆಲಸಕ್ಕೆ ಆಗಬಹುದು. ಎರಡೂ ಕಡೆ ಹರಿತವಿರುವ ಚಾಕುವನ್ನು ರೈತರು ಕೊಳ್ಳಲೇಬಾರದು. ಕೆತ್ತುವಾಗ ಹೆಬ್ಬೆರಳನ್ನು ಊರಲು ಅದರಲ್ಲಿ ಬೆನ್ನೇ ಇರುವುದಿಲ್ಲ. ಸಿನಿಮಾಗಳಿಂದ ಹೆಸರಾದ ಉದ್ದ ಅಲಗಿನ ರಾಂಪುರಿಯ ಮಾದರಿಗಳೂ ಹೊಲದ ಕೆಲಸಕ್ಕೆ ಹೇಳಿದವಲ್ಲ.

ಬಾಯಿಯ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಚಾಕುಗಳ ಬಾಯಿಯಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ನೈಲಾನ್ ಹಗ್ಗ ಕತ್ತರಿಸಲು ಇವು ಚುರುಕು. ಆದರೆ ಗಿಡದ ಕಾಂಡವನ್ನು ಕತ್ತರಿಸುವ ಬದಲು ಹರಿದುಹಾಕುತ್ತವೆ. ಮನೆಯಲ್ಲಿ ಸಾಣೆ ಹಿಡಿಯಲೂ ಬರುವುದಿಲ್ಲ. ಚೆನ್ನಾಗಿ ಹರಿತ ಮಾಡಿದ ಸಾದಾ ಬಾಯಿಯೇ ಹಗ್ಗವನ್ನೂ ಕತ್ತರಿಸಬಲ್ಲದು.

ಒಂದೇ ಚಾಕು ಸಾಕೆನ್ನುವವರಿಗೆ

ಕ್ಯಾಲೆಂಡರಿನಲ್ಲಿ ಹಾಕಿದ ಗುರುತುಗಳನ್ನು ಎಣಿಸಿ ನೋಡಿ. ಯಾವ ಗುಂಪಿನ ಕೆಲಸ ಹೆಚ್ಚಾಗಿದೆಯೋ ಅದಕ್ಕೆ ತಕ್ಕ ಅಲಗನ್ನು ಆರಿಸಿಕೊಳ್ಳಬೇಕು.

ಹೈನುಗಾರರು ಮತ್ತು ಕುರಿ ಸಾಕುವವರು: ಕುರಿಗೊರಸಿನ ಅಲಗು. ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಕಾಲಿಗೋ ಕುತ್ತಿಗೆಗೋ ಹಗ್ಗ ಸುತ್ತಿಕೊಂಡು ಬೀಳುವುದುಂಟು. ಈಗ ಬಳಕೆಯಲ್ಲಿರುವ ನೈಲಾನ್ ಹಗ್ಗ ಬಿಗಿದುಕೊಂಡರೆ ಗಂಟು ಬಿಚ್ಚಲು ಬರುವುದಿಲ್ಲ. ಹಸು ಎಳೆದಷ್ಟೂ ಕುತ್ತಿಗೆ ಬಿಗಿಯುತ್ತದೆ. ಅಂಥ ಗಳಿಗೆಯಲ್ಲಿ ಹಗ್ಗವನ್ನು ಕತ್ತರಿಸುವುದೊಂದೇ ದಾರಿ. ಒದ್ದಾಡುವ ದನದ ಕುತ್ತಿಗೆಗೂ ಹಗ್ಗಕ್ಕೂ ನಡುವೆ ಚೂಪು ಮೊನೆಯ ಚಾಕು ತೂರಿಸಿದರೆ ಹಗ್ಗಕ್ಕಿಂತ ಮೊದಲು ಚರ್ಮ ಸೀಳಬಹುದು. ಮೊನೆಯಿಲ್ಲದ ನೇರ ಅಲಗಾದರೆ ಬೆನ್ನನ್ನು ದನದ ಕಡೆಗೂ ಬಾಯಿಯನ್ನು ಹಗ್ಗದ ಕಡೆಗೂ ಇಟ್ಟು ಹೊರಕ್ಕೆ ಎಳೆದು ಕತ್ತರಿಸಬಹುದು. ಈ ಒಂದು ಸಂದರ್ಭಕ್ಕಾಗಿಯೇ ಇಂಥ ಚಾಕುವೊಂದನ್ನು ಜೇಬಿನಲ್ಲಿಟ್ಟುಕೊಂಡರೂ ನಷ್ಟವಿಲ್ಲ.

ತರಕಾರಿ, ಹೂವು ಮತ್ತು ಬಳ್ಳಿ ಬೆಳೆಗಾರರು: ಹೆಚ್ಚು ಬಾಗಿಲ್ಲದ ಕೊಕ್ಕಿನ ಅಲಗು. ಬಾಗು ಹೆಚ್ಚಿದಷ್ಟೂ ಬೇರೆ ಕೆಲಸಗಳಿಗೆ ಅನನುಕೂಲ. ಬೆರಳಿಗಿಂತ ದಪ್ಪನಾದ ಕಡ್ಡಿಗಳನ್ನು ಚಾಕುವಿನಿಂದ ಸವರಲು ಹೋಗಬಾರದು. ಅದಕ್ಕೆ ಸವರುವ ಕತ್ತರಿ ಅಥವಾ ಗರಗಸ ಉಪಯೋಗಿಸಬೇಕು.

ಮಿಶ್ರ ಬೇಸಾಯ ಮಾಡುವವರು: ಇಳಿಮೊನೆಯ ಅಲಗು. ಇದು ಯಾವ ಒಂದು ಕೆಲಸದಲ್ಲಿಯೂ ಮೊದಲನೆಯದಲ್ಲ. ಆದರೆ ಎಲ್ಲ ಕೆಲಸಗಳನ್ನೂ ತಕ್ಕಮಟ್ಟಿಗೆ ಮಾಡಿಕೊಡುತ್ತದೆ.

ಅಲಗಿನ ಉದ್ದ 6 ರಿಂದ 8 ಸೆಂ.ಮೀ. ಇದ್ದರೆ ಸಾಕು. ಬೆನ್ನಿನ ದಪ್ಪ 2 ರಿಂದ 2.5 ಮಿ.ಮೀ. ಇರಲಿ. ಇದಕ್ಕಿಂತ ದಪ್ಪನಾದ ಅಲಗು ಗಟ್ಟಿಯಾಗಿ ಕಂಡರೂ ಕತ್ತರಿಸುವಾಗ ಬೆಣೆಯಂತೆ ಸಿಕ್ಕಿಕೊಂಡು ವಸ್ತುವನ್ನು ಸೀಳುತ್ತದೆ.

ಕಸಿ ಚಾಕು ಬೇರೆಯೇ ಇರಲಿ

ಕಸಿ ಕಟ್ಟುವವರು ಜೇಬಿನ ಚಾಕುವನ್ನು ಈ ಕೆಲಸಕ್ಕೆ ಬಳಸಕೂಡದು. ಇದಕ್ಕೆ ಕಾರಣವಿದೆ. ತೊಗಟೆ ಮತ್ತು ಮರದ ನಡುವೆ ಕ್ಯಾಂಬಿಯಂ ಎಂಬ ಅತಿ ತೆಳುವಾದ, ಬೆಳೆಯುವ ಪದರವಿದೆ. ಬೇರುಗಿಡದ ಈ ಪದರವೂ ಕಸಿಕಡ್ಡಿಯ ಈ ಪದರವೂ ಒಂದಕ್ಕೊಂದು ತಾಗಿ ಕೂಡಿಕೊಂಡರೆ ಮಾತ್ರ ಕಸಿ ಹತ್ತುತ್ತದೆ. ಕೆತ್ತಿದ ಮೈ ಗಾಜಿನಂತೆ ಸಮತಟ್ಟಾಗಿದ್ದರೆ ಎರಡೂ ಸಂದಿಲ್ಲದೆ ಕೂಡುತ್ತವೆ. ಏರುತಗ್ಗಾಗಿದ್ದರೆ ನಡುವೆ ಗಾಳಿ ಸೇರಿ, ಕೆತ್ತಿದ ಭಾಗ ಒಣಗಿ ಕಡ್ಡಿ ಸಾಯುತ್ತದೆ.

ಸಾಮಾನ್ಯ ಚಾಕುವನ್ನು ಎರಡೂ ಮಗ್ಗುಲಿಂದ ಹರಿತ ಮಾಡಿರುತ್ತಾರೆ. ಆದ್ದರಿಂದ ಕೆತ್ತುವಾಗ ಅಲಗು ಒಳಕ್ಕೋ ಹೊರಕ್ಕೋ ಹೊರಳಿ ಮೈ ಗುಂಡಿಯಾಗುವ ಸಂಭವವಿದೆ. ಒಳ್ಳೆಯ ಕಸಿ ಚಾಕುವಿನ ಬಾಯಿ ನೇರವಾಗಿರುತ್ತದೆ ಮತ್ತು ಒಂದೇ ಮಗ್ಗುಲು ಇಳಿಜಾರಾಗಿರುತ್ತದೆ. ಇನ್ನೊಂದು ಮಗ್ಗುಲು ಸಂಪೂರ್ಣ ಚಪ್ಪಟೆ. ಬಡಗಿಯ ಉಳಿಯೂ ಹೀಗೆಯೇ ಇರುವುದನ್ನು ಗಮನಿಸಿರಬಹುದು. ಚಪ್ಪಟೆ ಮಗ್ಗುಲನ್ನು ಕಡ್ಡಿಯ ಕಡೆಗೆ ಇಟ್ಟು ಒಂದೇ ಎಳೆತದಲ್ಲಿ ಕೆತ್ತಿದರೆ ಸಮತಟ್ಟಾದ ಮೈ ದೊರೆಯುತ್ತದೆ. ಎಡಗೈಯಲ್ಲಿ ಕೆಲಸ ಮಾಡುವವರಿಗೆ ಇಳಿಜಾರು ಇನ್ನೊಂದು ಮಗ್ಗುಲಿಗೆ ಇರಬೇಕಾದ್ದರಿಂದ ಕೊಳ್ಳುವಾಗ ಕೇಳಿ ನೋಡಬೇಕು.

ಮಾವು, ಗೋಡಂಬಿಗಳ ಮೃದುಕಾಂಡ ಕಸಿಯಲ್ಲಿ ಬೇರುಗಿಡದ ತುದಿಯನ್ನು ಕತ್ತರಿಸಿ, ನಡುವೆ 3 ರಿಂದ 4 ಸೆಂ.ಮೀ. ಆಳದ ಸೀಳು ಮಾಡಿ, ಅಷ್ಟೇ ಉದ್ದಕ್ಕೆ ಬೆಣೆಯಂತೆ ಕೆತ್ತಿದ ಕಸಿಕಡ್ಡಿಯನ್ನು ಕೂರಿಸಿ ಪಾಲಿಥೀನ್ ಪಟ್ಟಿಯಿಂದ ಬಿಗಿಯುತ್ತಾರೆ. ಇದಕ್ಕೆ ನೇರ ಬಾಯಿಯೇ ಬೇಕು. ಗುಲಾಬಿ ಮತ್ತು ನಿಂಬೆ ಜಾತಿಯ ಗಿಡಗಳಿಗೆ ಕಣ್ಣು ಹಾಕುವ ಚಾಕುವಿನಲ್ಲಿ ಅಲಗಿನ ಜೊತೆಗೆ ತೊಗಟೆ ಎಬ್ಬಿಸಲು ಹರಿತವಿಲ್ಲದ ಚಿಕ್ಕ ನಾಲಿಗೆಯೂ ಇರುತ್ತದೆ. ಕಬ್ಬಿಣದ ಮೊನೆಯಿಂದ ತೊಗಟೆ ಎಬ್ಬಿಸಿದರೆ ಕೆಳಗಿನ ಪದರ ಗೀರಿಹೋಗುತ್ತದೆ. ಕಸಿ ಚಾಕುವನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟದೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಬೇಕು. ಕಸಿಯ ಕೈಚಳಕವನ್ನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಮೇಲು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಬಹುದು.

ಉಕ್ಕು ಮತ್ತು ಕೀಲು

ಅಲಗುಗಳು ಮುಖ್ಯವಾಗಿ ಎರಡು ಬಗೆಯ ಉಕ್ಕಿನವು. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಬಾಯಿ ನಯವಾಗಿ ನಿಲ್ಲುತ್ತದೆ. ಆದರೆ ತೇವ ತಾಗಿದರೆ ತುಕ್ಕು ಹಿಡಿಯುತ್ತದೆ. ಮಾವಿನಕಾಯಿ, ಬಾಳೆ, ಹಸಿ ಅಡಿಕೆಗಳ ಒಗರು ರಸ ತಾಗಿದರೆ ಕಪ್ಪಾಗುತ್ತದೆ. ಹೀಗೆ ಕಪ್ಪಾಗುವುದರಿಂದ ಕೆಲಸಕ್ಕೆ ತೊಂದರೆಯಿಲ್ಲ. ತುಕ್ಕುರಹಿತ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ ಹತ್ತೂವರೆಗಿಂತ ಹೆಚ್ಚಿರುತ್ತದೆ. ಬೆವರು, ಗೊಬ್ಬರ, ಔಷಧಿಗಳ ನಡುವೆ ಓಡಾಡುವ ಜೇಬಿನ ಚಾಕುವಿಗೆ ಇದೇ ಅನುಕೂಲ. ಕರಾವಳಿ, ಮಲೆನಾಡುಗಳಂಥ ತೇವದ ಸೀಮೆಯಲ್ಲಂತೂ ಇದೇ ಮೇಲು. ಅಯಸ್ಕಾಂತ ಹಿಡಿಯಿತೆಂದು ತುಕ್ಕುರಹಿತ ಉಕ್ಕನ್ನು ಖೋಟಾ ಎಂದು ತಿಳಿಯಬಾರದು. ಚಾಕುಗಳಿಗೆ ಬಳಸುವ ತುಕ್ಕುರಹಿತ ಉಕ್ಕನ್ನು ಅಯಸ್ಕಾಂತ ಸೆಳೆಯುವುದು ಸಹಜವೇ.

ಮಡಚುವ ಚಾಕುವಿನ ಮರ್ಮಸ್ಥಾನ ಅದರ ಕೀಲು. ಬೆನ್ನಿನ ಪಟ್ಟಿಯ ಬಿಗಿತದಿಂದ ಮಾತ್ರ ನಿಲ್ಲುವ ಅಲಗು, ಮೊನೆಯ ಮೇಲೆ ಒತ್ತಡ ಬಿದ್ದರೆ ಹಿಂದಕ್ಕೆ ಮಡಚಿ ಬೆರಳುಗಳ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಬಿಚ್ಚಿದ ಅಲಗನ್ನು ಭದ್ರವಾಗಿ ಹಿಡಿದಿಡುವ ಏರ್ಪಾಡು ಇದ್ದರೆ ಒಳ್ಳೆಯದು. ಫ್ರಾನ್ಸಿನ ಸವಾಯ್ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಅಲ್ಲಿನ ರೈತರ ಜೇಬಿನ ಸಂಗಾತಿಯಾಯಿತು. ಆ ಚಾಕುವಿಗೆ 1955ರಲ್ಲಿ ತಿರುಗಿಸುವ ಉಂಗುರವೊಂದು ಸೇರಿತು. ಉಂಗುರವನ್ನು ತಿರುಗಿಸಿದರೆ ಅಲಗು ಮಡಚದಂತೆ ನಿಲ್ಲುತ್ತದೆ. ಇಷ್ಟು ಸರಳವಾದ ಏರ್ಪಾಡು ಸಾಕು. ಗುಂಡಿ ಒತ್ತಿದೊಡನೆ ಚಿಮ್ಮುವ ಅಲಗು ಬೇಡ.

ಸಾಣೆ ಹಿಡಿಯುವ ಕ್ರಮ

ಮೊಂಡು ಚಾಕು ಹರಿತವಾದ ಚಾಕುವಿಗಿಂತ ಅಪಾಯಕಾರಿ. ಬಲ ಹಾಕಿ ಒತ್ತಬೇಕಾಗುವುದರಿಂದ ಅದು ಜಾರುತ್ತದೆ. ಒಂದು ಮಗ್ಗುಲು ಒರಟು, ಇನ್ನೊಂದು ನಯ ಇರುವ ಕಾರ್ಬೊರಂಡಂ ಕಲ್ಲು ಮನೆಯಲ್ಲಿರಲಿ.

ಅಲಗನ್ನು ಕಲ್ಲಿನ ಮೇಲೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದು ಎಲ್ಲರ ಪ್ರಶ್ನೆ. ಜೇಬಿನ ಚಾಕುವಿಗೆ ಪ್ರತಿ ಮಗ್ಗುಲಿಗೂ ಸುಮಾರು 20 ಡಿಗ್ರಿ ಓರೆ ಸರಿಯಾದದ್ದು. ಇದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಕಾಗದದ ಚೌಕ ಮೂಲೆಯನ್ನು ಅದರ ಎರಡು ಅಂಚುಗಳು ಕೂಡುವಂತೆ ಮಡಚಿ. 45 ಡಿಗ್ರಿ ಆಯಿತು. ಮತ್ತೊಮ್ಮೆ ಹಾಗೆಯೇ ಮಡಚಿ. ಇಪ್ಪತ್ತೆರಡೂವರೆ ಡಿಗ್ರಿ ಆಯಿತು. ಇದಕ್ಕಿಂತ ಒಂದು ಕೂದಲೆಳೆ ಕಡಿಮೆ ಓರೆಯಲ್ಲಿ ಅಲಗನ್ನು ಹಿಡಿದರೆ ಸರಿಹೋಗುತ್ತದೆ. ಅಲಗಿನ ಅಗಲ 2 ಸೆಂ.ಮೀ. ಇದ್ದರೆ ಬೆನ್ನನ್ನು ಕಲ್ಲಿನಿಂದ 7 ಮಿ.ಮೀ. ಎತ್ತಿ ಹಿಡಿದರೂ ಇದೇ ಲೆಕ್ಕ ಬರುತ್ತದೆ.

1. ಕಲ್ಲನ್ನು ನೀರಿನಿಂದ ತೋಯಿಸಿ, ಜಾರದಂತೆ ಒದ್ದೆ ಗೋಣಿಯ ಮೇಲೆ ಇಡಿ.
2. ಒರಟು ಮಗ್ಗುಲಿನ ಮೇಲೆ ಅಲಗನ್ನು ಬುಡದಿಂದ ತುದಿಯವರೆಗೆ ಒಂದೇ ಓರೆಯಲ್ಲಿ ಎಳೆಯಿರಿ. ಹೊಟ್ಟೆಯುಳ್ಳ ಅಲಗಾದರೆ ತುದಿ ಬಂದಂತೆ ಹಿಡಿಯನ್ನು ಸ್ವಲ್ಪ ಮೇಲೆತ್ತಬೇಕು.
3. ಎದುರು ಮಗ್ಗುಲಿನ ಅಂಚಿನ ಉದ್ದಕ್ಕೂ ಸಣ್ಣ ಸಿಬಿರು ಎದ್ದದ್ದು ಹೆಬ್ಬೆರಳಿಗೆ ತಿಳಿದ ಮೇಲೆ ಅಲಗನ್ನು ಮಗುಚಿ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಅಡ್ಡಲಾಗಿ ಸವರಿ ನೋಡಬೇಕೇ ಹೊರತು ಬಾಯಿಯ ಉದ್ದಕ್ಕೂ ಸವರಬಾರದು.
4. ನಯವಾದ ಮಗ್ಗುಲಿನ ಮೇಲೆ ಹಗುರವಾಗಿ ಇದೇ ಕೆಲಸವನ್ನು ಮತ್ತೆ ಮಾಡಿ.
5. ಕೊನೆಗೆ ಹಳೆಯ ಚರ್ಮದ ಪಟ್ಟಿಯ ಮೇಲೆ ಬಾಯಿಯನ್ನು ಹಿಂದಕ್ಕೆ ಎಳೆದು ಒರಸಿ. ವೃತ್ತಪತ್ರಿಕೆಯ ಹಾಳೆಯನ್ನು ಹರಿಯದೆ ಸೀಳಿದರೆ ಸಾಣೆ ಸರಿಯಾಗಿದೆ ಎಂದು ತಿಳಿಯಬೇಕು.

ಕಸಿ ಚಾಕುವಿನ ಇಳಿಜಾರು ಮಗ್ಗುಲನ್ನು ಮಾತ್ರ ಉಜ್ಜಬೇಕು. ಚಪ್ಪಟೆ ಮಗ್ಗುಲನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಸಿಬಿರು ಹೋಗುವಷ್ಟು ಮಾತ್ರ ಒಂದೆರಡು ಸಲ ಸವರಬೇಕು. ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ಸಣ್ಣ ಅಲಗನ್ನು ಕೊಡಬೇಡಿ. ಬಾಯಿ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿದೆ ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಚಾಕುವಿನ ಮೂಲಕ ಹರಡುವ ರೋಗಗಳು

ಅಲಗಿಗೆ ಅಂಟಿದ ರಸದೊಂದಿಗೆ ರೋಗಾಣುಗಳೂ ಗಿಡದಿಂದ ಗಿಡಕ್ಕೆ ಸಾಗುತ್ತವೆ. ಹಾಸನದ ಕಡೆ ಬಿತ್ತನೆ ಆಲೂಗೆಡ್ಡೆಯನ್ನು ಕಣ್ಣು ನೋಡಿ ಹೋಳು ಮಾಡುವ ರೂಢಿಯಿದೆ. ದುಂಡಾಣು ಸೊರಗು ರೋಗ ತಗುಲಿದ ಒಂದು ಗೆಡ್ಡೆಯನ್ನು ಕತ್ತರಿಸಿದ ಚಾಕು ಮುಂದಿನ ಒಳ್ಳೆಯ ಗೆಡ್ಡೆಗಳಿಗೂ ಅದನ್ನು ಅಂಟಿಸುತ್ತದೆ. ಕಬ್ಬಿನಲ್ಲಿ ಕೂಳೆ ಬೆಳೆಯನ್ನು ಕುಗ್ಗಿಸುವ ದುಂಡಾಣು ರೋಗ ಬಿತ್ತನೆ ತುಂಡು ಕಡಿಯುವ ಕತ್ತಿಯಿಂದ ಹರಡುತ್ತದೆ. ಟೊಮೇಟೊ, ಹೊಗೆಸೊಪ್ಪಿನ ಮೊಸಾಯಿಕ್ ನಂಜು ಕೈಯಿಂದಲೂ ಚಾಕುವಿನಿಂದಲೂ ಹರಡುತ್ತದೆ. ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ಕಾಡುತ್ತಿರುವ ದುಂಡಾಣು ಅಂಗಮಾರಿ ರೋಗವೂ ಸವರುವ ಸಲಕರಣೆಗಳ ಮೂಲಕ ಹಬ್ಬುತ್ತದೆ.

ಆದ್ದರಿಂದ ರೋಗದ ಅನುಮಾನವಿರುವ ತಾಕಿನಲ್ಲಿ ಎರಡು ಚಾಕುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಅಲಗಿನ ರಸ, ಮಣ್ಣನ್ನು ಬಟ್ಟೆಯಿಂದ ಒರಸಿ ತೆಗೆಯಬೇಕು. ಕೊಳೆಯಿದ್ದರೆ ಔಷಧಿ ಕೆಲಸ ಮಾಡದು. ಅನಂತರ ಶೇಕಡಾ 70ರ ಸ್ಪಿರಿಟ್‌ನಲ್ಲಿ ಅದ್ದಿಡಬೇಕು. ಒಂದು ಚಾಕು ಸ್ಪಿರಿಟ್‌ನಲ್ಲಿರುವಾಗ ಇನ್ನೊಂದರಿಂದ ಕೆಲಸ ಮಾಡಬೇಕು. ಸ್ಪಿರಿಟ್ ಬೇಗ ಬೆಂಕಿ ಹತ್ತುವ ವಸ್ತುವಾದ್ದರಿಂದ ಬೀಡಿ, ಒಲೆಗಳ ಹತ್ತಿರ ತರಬಾರದು. ನಂಜು ರೋಗಕ್ಕೆ ಸ್ಪಿರಿಟನ್ನೇ ನಂಬದೆ ರೋಗದ ಗಿಡಗಳನ್ನು ಕೊನೆಗೆ ಮುಟ್ಟಬೇಕು. ಕೈ, ಚಾಕು ಎರಡನ್ನೂ ಸೋಪಿನಿಂದ ತೊಳೆಯಬೇಕು. ಗೊಬ್ಬರ, ಕೀಟನಾಶಕದ ಪೊಟ್ಟಣ ಕತ್ತರಿಸಿದ ಚಾಕುವಿನಿಂದ ಹಣ್ಣು ಹೆಚ್ಚುವ ರೂಢಿಯನ್ನು ಇಂದೇ ಬಿಡಬೇಕು.

ಚಾಕುವಿನಿಂದ ಮಾಡಬಾರದ ಕೆಲಸಗಳು

ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ಯಬಾರದು, ರಕ್ತ ಹೀರಬಾರದು, ಹಗ್ಗ ಬಿಗಿಯಬಾರದು. ಇವುಗಳಿಂದ ವಿಷ ಹೊರಬರುವುದಿಲ್ಲ. ಗಾಯ ಮಾತ್ರ ದೊಡ್ಡದಾಗುತ್ತದೆ. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ, ಪ್ರತಿವಿಷದ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ತಡಮಾಡದೆ ಸೇರಿಸಬೇಕು.

ಹೊಟ್ಟೆ ಉಬ್ಬರಿಸಿದ ದನದ ಪಕ್ಕೆಗೆ ಜೇಬಿನ ಚಾಕುವಿನಿಂದ ಚುಚ್ಚಲು ಹೋಗಬಾರದು. ಇದಕ್ಕೆ ಪಶುವೈದ್ಯರ ಬಳಿ ಕೊಳವೆಯುಳ್ಳ ಬೇರೆ ಸಲಕರಣೆಯಿದೆ. ಕರುವಿನ ಹೊಕ್ಕುಳಬಳ್ಳಿಗೂ ಹೊಲದಲ್ಲಿ ಬಳಸಿದ ಚಾಕು ಸಲ್ಲದು. ಹೊಸ ಬ್ಲೇಡು ಬಳಸಿ ಅಯೋಡಿನ್ ಹಚ್ಚಬೇಕು.

ಕೈ ಕೊಯ್ದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ರಕ್ತ ನಿಂತ ಮೇಲೆ ಸೋಪು ನೀರಿನಿಂದ ತೊಳೆಯಬೇಕು. ಸುಣ್ಣ, ಕಾಫಿಪುಡಿ, ಮಣ್ಣು ಮೆತ್ತಬಾರದು. ಮಣ್ಣು, ಸಗಣಿಯ ನಡುವೆ ಆದ ಗಾಯದಿಂದ ಧನುರ್ವಾಯು ಬರುವ ಭಯವಿರುವುದರಿಂದ ವೈದ್ಯರನ್ನು ಕಂಡು ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಬೆರಳು ಮಡಚಲು ಬಾರದಿದ್ದರೆ ಅಥವಾ ಸ್ಪರ್ಶ ತಿಳಿಯದಿದ್ದರೆ ಒಳಗಿನ ನರ, ಸ್ನಾಯುರಜ್ಜು ಕತ್ತರಿಸಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಾನೂನಿನ ಮಾತು

1959ರ ಆಯುಧ ಕಾಯಿದೆಯ ಕೆಳಗೆ 2016ರಲ್ಲಿ ಹೊರಡಿಸಿದ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಗಾಗಿ ಮಾಡಿದವುಗಳಿಗೆ ವಿನಾಯಿತಿಯಿದೆ. 3 ಅಂಗುಲದ ಜೇಬಿನ ಚಾಕು ಈ ಮಿತಿಯೊಳಗೇ ಇದೆ. ಆದರೂ ಹೊಲದ ಚಾಕು ಹೊಲದಲ್ಲಿದ್ದರೆ ಚೆನ್ನ. ನ್ಯಾಯಾಲಯ, ಸಭೆ ಸಮಾರಂಭಗಳಿಗೆ ಹೋಗುವಾಗ ಮನೆಯಲ್ಲಿಟ್ಟು ಹೋಗಬೇಕು. ವಿಮಾನದಲ್ಲಿ ಕೈಚೀಲದಲ್ಲಿಟ್ಟು ಒಯ್ಯಲು ಬಿಡುವುದಿಲ್ಲ.

ಕೊಳ್ಳುವಾಗ ನೋಡಬೇಕಾದ ಅಂಶಗಳು

1. ಬಿಚ್ಚಿದ ಅಲಗನ್ನು ಎಡಬಲಕ್ಕೆ ಅಲುಗಾಡಿಸಿ. ಕೀಲಿನಲ್ಲಿ ಸಡಿಲವಿರಬಾರದು.
2. ಮಡಚಿದಾಗ ಬಾಯಿ, ಮೊನೆ ಎರಡೂ ಹಿಡಿಯೊಳಗೆ ಪೂರ್ತಿ ಅಡಗಬೇಕು.
3. ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಚುಕ್ಕೆಗಳಿದ್ದರೆ ಅಲ್ಲಿ ಮೊಂಡು ಅಥವಾ ಮುಕ್ಕು ಇದೆ.
4. ಬೆವರಿದ ಕೈಯಲ್ಲೂ ಹಿಡಿ ಜಾರದಂತಿರಬೇಕು. ನಾಲ್ಕು ಬೆರಳುಗಳೂ ಅದರ ಮೇಲೆ ಕೂರಬೇಕು.
5. ಹುಲ್ಲಿನಲ್ಲಿ ಬಿದ್ದರೆ ಕಾಣುವಂತೆ ಹಿಡಿಗೆ ಕೆಂಪು ಅಥವಾ ಹಳದಿ ಬಣ್ಣವಿದ್ದರೆ ಅನುಕೂಲ. ದನದ ಮೇವಿನಲ್ಲಿ ಕಳೆದುಹೋದ ಚಾಕು ಮುಂದೆ ಯಾರ ಕಾಲಿಗೋ, ಯಾವ ದನದ ಬಾಯಿಗೋ ಸಿಕ್ಕಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ದನಕರುಗಳ ಬಳಿ ಮೊನೆಯಿಲ್ಲದ ನೇರ ಅಲಗು, ಬಳ್ಳಿ ತರಕಾರಿಗೆ ಬಾಗಿದ ಅಲಗು, ಎಲ್ಲಕ್ಕೂ ಒಂದೇ ಎನ್ನುವವರಿಗೆ ಇಳಿಮೊನೆಯ ಅಲಗು, ಕಸಿಗೆ ಪ್ರತ್ಯೇಕವಾದ ಒಮ್ಮಗ್ಗುಲು ಹರಿತದ ಅಲಗು. ಚಾಕು ಚಿಕ್ಕ ಸಲಕರಣೆಯೇ ಆದರೂ ಕಟ್ಟಿದ ಕಸಿಯ ಏಳಿಗೆ, ಬಿತ್ತನೆಯ ಆರೋಗ್ಯ ಮತ್ತು ದುಡಿಯುವ ಕೈಯ ಕ್ಷೇಮ ಅದರ ಬಾಯಿಯನ್ನು ಅವಲಂಬಿಸಿವೆ. ಮುಂದಿನ ಸಂತೆಗೆ ಹೋಗುವಾಗ ಹತ್ತು ದಿನಗಳ ಕೆಲಸದ ಲೆಕ್ಕವನ್ನು ಜೊತೆಯಲ್ಲಿ ಕೊಂಡೊಯ್ಯಿರಿ. ಯಾವ ಚಾಕು ಬೇಕೆಂಬುದನ್ನು ಅದೇ ಹೇಳುತ್ತದೆ.